ಶಿಬೆಶಿ ಮೇಷ್ಟ್ರ ಲೆಕ್ಕ ನಿಂತ ದಿನ

ನಮ್ಮ ಊರು ದೆಬ್ರೆ ಬೆರ್ಹಾನಿನಲ್ಲಿ ಹಗಲಿರುಳು ನಿಲ್ಲದೆ ನಡೆಯುವ ವಸ್ತುಗಳು ಎರಡೇ ಎಂದು ನಾನು ಬಹಳ ಕಾಲ ನಂಬಿದ್ದೆ. ಒಂದು ಬೆಟ್ಟದ ಮೇಲಿಂದ ಬೀಸುವ ಗಾಳಿ, ಇನ್ನೊಂದು ಗಾಶೆ ಬೆಲಿಹು ಅವರ ಬಾಯಿ. ಶಿಬೆಶಿ ಮೇಷ್ಟ್ರು ನಮ್ಮ ವಠಾರದ ಮೂಲೆಮನೆಗೆ ಬಾಡಿಗೆಗೆ ಬಂದ ಮೇಲೆ ಮೂರನೆಯದೊಂದು ಸೇರಿಕೊಂಡಿತು. ಅದು ಅವರ ಲೆಕ್ಕ.

ಮೇಷ್ಟ್ರು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು. ವಯಸ್ಸು ನಲವತ್ತು ದಾಟಿತ್ತು. ಹೆಂಡತಿ ಮಕ್ಕಳಿಲ್ಲ. ತಂದೆ ತಾಯಿ ತೀರಿಕೊಂಡು ವರ್ಷಗಳಾಗಿದ್ದವು, ಇದ್ದ ಒಬ್ಬಳೇ ಅಕ್ಕನೂ ಅವರ ಹಿಂದೆಯೇ ಹೋಗಿಬಿಟ್ಟಿದ್ದಳು. ಬರುವಾಗ ತಂದ ಸಾಮಾನೆಂದರೆ ಒಂದು ಮಂಚ, ಒಂದು ಪೆಟ್ಟಿಗೆ ಪುಸ್ತಕ, ಮತ್ತು ಮನೆಯ ಅರ್ಧ ಜಾಗ ನುಂಗುವಂಥ ಒಂದು ಕಂಪ್ಯೂಟರ್. ಕರೆಂಟ್ ಹೋದರೂ ಅದು ನಿಲ್ಲಬಾರದೆಂದು ಪಕ್ಕದಲ್ಲಿ ಸಾಲಾಗಿ ಬ್ಯಾಟರಿಗಳು. ಬಂದ ವಾರವೇ ಅದಕ್ಕೆ ಒಂದು ಲೆಕ್ಕ ಹಚ್ಚಿ ಕೂರಿಸಿದರು. ಯಾವುದೋ ಒಂದು ಜಾತಿಯ ಸಂಖ್ಯೆ ಲೋಕದಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುವ ಲೆಕ್ಕವಂತೆ.

"ಸಿಕ್ಕಿದ್ರೆ ಏನ್ ಮಾಡ್ತೀರಿ ಮೇಷ್ಟ್ರೇ?" ಎಂದು ನಾನು ಕೇಳಿದ್ದೆ. ನಾನು ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂರುವವನು. ಹುಡುಕಿ ತಲುಪಿಸುವ ವಿಷಯದಲ್ಲಿ ನನಗೂ ಸ್ವಲ್ಪ ಆಸಕ್ತಿಯಿದೆ.

"ಇನ್ನೊಂದು ಇದೆಯಾ ಅಂತ ಹುಡುಕ್ತೀನಿ," ಎಂದರು.

ಆ ಲೆಕ್ಕ ಒಂದು ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಮುಗಿದರೂ ನಡೆಯುತ್ತಲೇ ಇತ್ತು. ಯಂತ್ರದ ಫ್ಯಾನು ಗೊರ್ ಎನ್ನುತ್ತಿತ್ತು, ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿಟುಕುತ್ತಿತ್ತು. ಅಷ್ಟು ಬಿಟ್ಟರೆ ಒಳಗೆ ಏನಾಗುತ್ತಿದೆ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಎಲ್ಲಿಗೆ ಬಂದೆ ಎಂದು ಆಗಾಗ ಹೇಳುತ್ತಿರು ಅಂತ ಅದಕ್ಕೆ ಮೊದಲೇ ಬರೆದುಕೊಡಬೇಕಿತ್ತಂತೆ. ಗಡಿಬಿಡಿಯಲ್ಲಿ ಮರೆತಿದ್ದರು. ಈಗ ತಿಳಿಯಬೇಕಾದರೆ ಎರಡು ಗುಂಡಿ ಒಟ್ಟಿಗೆ ಒತ್ತಿ ಲೆಕ್ಕವನ್ನು ನಿಲ್ಲಿಸಬೇಕು. ಆ ಎರಡು ಗುಂಡಿಗಳ ಹತ್ತಿರ ಮೇಷ್ಟ್ರು ಬೆರಳನ್ನೂ ಒಯ್ಯುತ್ತಿರಲಿಲ್ಲ.

ಕಾರಣ ಇಲ್ಲದೆ ಇರಲಿಲ್ಲ. ಓದುವ ಕಾಲದಲ್ಲಿ ಹೀಗೇ ಒಂದು ಲೆಕ್ಕವನ್ನು ನಡುವೆ ನಿಲ್ಲಿಸಲು ಹೋಗಿ, ಯಂತ್ರ ಅಡ್ಡಾದಿಡ್ಡಿ ಮಾತಾಡಿ, ತಿಂಗಳುಗಟ್ಟಲೆ ಮಾಡಿದ್ದೆಲ್ಲ ಹೊಗೆಯಾಗಿ ಹೋಗಿತ್ತಂತೆ. ಈಗಿನ ತಂತ್ರಾಂಶ ಹಾಗಲ್ಲ, ಕರೆದರೆ ಕೈಯಲ್ಲಿರುವ ಸುತ್ತು ಮುಗಿಸಿಕೊಂಡು ಎಲ್ಲವನ್ನೂ ಜೋಡಿಸಿಟ್ಟು ಆಮೇಲೆ ಓಗೊಡುತ್ತದೆ ಎಂದು ಅದನ್ನು ಬರೆದವರೇ ಹೇಳಿದ್ದರು. ಮೇಷ್ಟ್ರು ನಂಬಿರಲಿಲ್ಲ. ನಂಬಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಾಗೆಂದು ವಠಾರದವರ ಮುಂದೆ ಇದನ್ನೆಲ್ಲ ಒಪ್ಪಿಕೊಳ್ಳಲು ಆಗುತ್ತದೆಯೇ? ಯಾರು ಕೇಳಿದರೂ ಒಂದೇ ಉತ್ತರ: "ಮುಗೀತಾ ಬಂತು. ಇನ್ನೇನು ಸ್ವಲ್ಪ."

ಈ ಸ್ವಲ್ಪದ ನೆಪದಲ್ಲಿ ಅವರು ನನ್ನ ಹೆಂಡತಿಯ ತಮ್ಮನ ಮದುವೆಗೆ ಬರಲಿಲ್ಲ. ಮೆಸ್ಕೆಲ್ ಹಬ್ಬದ ದಿನ ಇಡೀ ಊರು ಬೆಂಕಿಯ ಸುತ್ತ ನಿಂತಿದ್ದಾಗ ಇವರು ಕಿಟಕಿಯಿಂದ ಇಣುಕಿ ನೋಡಿ ಒಳಗೆ ಹೋದರು. ಹಿರಿಯ ಗಂಡಸರನ್ನು ಗಾಶೆ, ಹೆಂಗಸರನ್ನು ಎತಿಯೆ ಎನ್ನುವುದು ನಮ್ಮ ರೂಢಿ. ವಠಾರದ ಒಡತಿ ಎತಿಯೆ ಅಸ್ಕಾಲೆ ಕಾಫಿಗೆ ಕರೆದರೆ ಬರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಮೊದಲನೆಯ ಬಟ್ಟಲು ಮುಗಿಯುವಷ್ಟರಲ್ಲಿ ಎದ್ದು ನಿಲ್ಲುತ್ತಿದ್ದರು.

"ಕೂತ್ಕೊಳೋ ಶಿಬೆಶಿ. ಎರಡನೇದು ಕುದೀತಿದೆ. ಮೂರನೇದು ಕುಡೀದೆ ಎದ್ರೆ ಕಾಫಿ ಕುಡಿದ ಹಾಗಾಗುತ್ತಾ? ಆಶೀರ್ವಾದ ಇರೋದೇ ಮೂರನೇದರಲ್ಲಿ," ಎನ್ನುತ್ತಿದ್ದರು ಎತಿಯೆ.

"ಲೆಕ್ಕ ನಡೀತಿದೆ ಎತಿಯೆ."

"ಅದರ ಪಾಡಿಗೆ ಅದು ನಡೀಲಿ. ನೀನೇನು ಹಿಂದಿನಿಂದ ತಳ್ತಿದೀಯಾ?"

ಮೇಷ್ಟ್ರು ನಗುತ್ತ ಹೋಗಿಬಿಡುತ್ತಿದ್ದರು. ಹೋಗಿ ಮಾಡುತ್ತಿದ್ದದ್ದೇನು? ಯಂತ್ರದ ಮುಂದೆ ಗಾಬಿ ಶಾಲು ಹೊದ್ದು ಕೂತು ಆ ಮಿಟುಕುವ ಗೆರೆಯನ್ನು ನೋಡುತ್ತಿದ್ದರು. ಕಿಟಕಿಯಲ್ಲಿ ನಾನೇ ಕಂಡಿದ್ದೇನೆ. ಒಮ್ಮೊಮ್ಮೆ ಅದರ ಜೊತೆ ಮಾತಾಡುತ್ತಲೂ ಇದ್ದರು.

ಗಾಶೆ ಬೆಲಿಹು ಹಳೆಯ ಸಿಪಾಯಿ, ಈಗ ನಮ್ಮ ಬೀದಿಯ ಇದ್ದಿರು ಎಂಬ ಸಂಘದ ಅಧ್ಯಕ್ಷರು. ಯಾರ ಮನೆಯಲ್ಲಿ ಸಾವಾದರೂ ಡೇರೆ, ಬೆಂಚು, ಹಂಡೆ ಹೊತ್ತುಕೊಂಡು ಮೊದಲು ಬರುವುದು ಇದ್ದಿರು. ಅತ್ತು, ಹೂತು, ದಿನಗಟ್ಟಲೆ ಜೊತೆಗೆ ಕೂತು, ಉಣಿಸಿ ಹೋಗುವುದೂ ಅದೇ. ಇದಕ್ಕೆ ಸೇರದ ಮನುಷ್ಯ ಬೀದಿಯಲ್ಲಿದ್ದರೆ ಗಾಶೆಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ.

"ಮೇಷ್ಟ್ರೇ, ಇದ್ದಿರಿಗೆ ಸೇರಿ. ನಿಮ್ಮೋರು ಯಾರಾದ್ರೂ ತೀರ್ಕೊಂಡ್ರೆ ನಾವೆಲ್ಲ ಬರ್ತೀವಿ."

"ನನ್ನೋರು ಅಂತ ತೀರ್ಕೊಳ್ಳೋಕೆ ಯಾರೂ ಉಳಿದಿಲ್ಲವಲ್ಲ ಗಾಶೆ."

"ನೀವೇ ತೀರ್ಕೊಂಡ್ರೆ?"

"ಆಗ ಕಾಲೇಜಿಗೆ ಒಂದು ಫೋನ್ ಮಾಡಿ ಸಾಕು."

ಗಾಶೆಯವರ ಬಾಯಿ ಅವತ್ತು ಒಂದು ಗಳಿಗೆ ನಿಂತಿತ್ತು. ನಾನು ಅಲ್ಲೇ ಇದ್ದೆ, ಆದ್ದರಿಂದ ಹೇಳುತ್ತಿದ್ದೇನೆ.

ಯಂತ್ರದಿಂದ ಲಾಭ ಪಡೆದವರು ವಠಾರದಲ್ಲಿ ಒಬ್ಬರೇ, ಎತಿಯೆ ಅಸ್ಕಾಲೆ. ನಮ್ಮ ಊರಿನ ಚಳಿಗೆ ನಮ್ಮ ದಿನದ ರೊಟ್ಟಿ ಇಂಜೆರಾದ ಹಿಟ್ಟು ಹುಳಿ ಬರುವುದೇ ಕಷ್ಟ. ಮೇಷ್ಟ್ರ ಕೋಣೆಯಲ್ಲಿ ಯಂತ್ರದ ಬೆನ್ನಿನ ಹಿಂದೆ ಬೆಚ್ಚನೆಯ ಗಾಳಿ ಬೀಸುವುದನ್ನು ಎತಿಯೆ ಒಂದು ದಿನ ಬಾಡಿಗೆ ಕೇಳಲು ಹೋದಾಗ ಕಂಡುಹಿಡಿದರು. ಅಂದಿನಿಂದ ಹಿಟ್ಟಿನ ಮಡಕೆ ಅಲ್ಲೇ ಮೊಕ್ಕಾಂ. ಹಿಟ್ಟು ಎಷ್ಟು ಚೆನ್ನಾಗಿ ಉಬ್ಬುತ್ತಿತ್ತೆಂದರೆ ಅವರ ಇಂಜೆರಾದ ಮೈತುಂಬ ಸಣ್ಣ ತೂತಿನ ಕಣ್ಣು. ಪಕ್ಕದ ಬೀದಿಯವರೂ ಕೊಳ್ಳಲು ಬರತೊಡಗಿದರು.

ಹಿಟ್ಟು ಹೊಯ್ಯುವುದನ್ನು ನೋಡುತ್ತ ಮೇಷ್ಟ್ರು ಒಮ್ಮೆ ಹೇಳಿದ್ದರು: "ನೋಡಿ ಎತಿಯೆ, ಈಗ ನೀವು ಹೆಂಚಿನ ಮೇಲೆ ಸುತ್ತು ಹೊಯ್ತಾ ಇದೀರಿ. ಯಾರೋ ಬಾಗಿಲು ತಟ್ಟಿದ್ರೆ ಏನ್ ಮಾಡ್ತೀರಿ?"

"ತಟ್ಕೊಳ್ಲಿ. ಸುತ್ತು ಮುಗಿಸಿ, ಮುಚ್ಚಳ ಮುಚ್ಚಿ, ಆಮೇಲೆ ಹೋಗ್ತೀನಿ."

"ಅರ್ಧ ಸುತ್ತಲ್ಲೇ ಎದ್ದು ಹೋದ್ರೆ?"

"ಅದು ಇಂಜೆರಾನೂ ಅಲ್ಲ, ಹಿಟ್ಟೂ ಅಲ್ಲ. ನಾಯಿಗೆ ಹಾಕ್ಬೇಕು."

"ಹಾಗೇ ನನ್ನ ಲೆಕ್ಕ. ಅದು ಸುತ್ತು ಮುಗಿಸಿ ಬಾಗಿಲು ತೆಗೆಯುತ್ತೆ ಅಂತಾರೆ. ಅರ್ಧದಲ್ಲೇ ಎದ್ದುಬಿಟ್ರೆ? ಅದಕ್ಕೇ ನಾನು ಬಾಗಿಲೇ ತಟ್ಟಲ್ಲ."

ಎತಿಯೆಗೆ ಇದರಲ್ಲಿ ಅರ್ಥವಾದದ್ದು ಒಂದೇ, ಮುಟ್ಟಿದರೆ ನಾಯಿಗೆ ಹಾಕಬೇಕು. ಅವರು ಅದನ್ನು ಭಯಭಕ್ತಿಯಿಂದ ಪಾಲಿಸಿಕೊಂಡು ಬಂದರು.

ಹೀಗಿರುವಾಗ ಅಡಿಸ್ ಅಬಾಬಾದಲ್ಲಿ ಗಣಿತದವರ ಸಭೆಯೊಂದಕ್ಕೆ ಹೋಗಲೇಬೇಕೆಂದು ಕಾಲೇಜಿನಿಂದ ಮೇಷ್ಟ್ರಿಗೆ ಹುಕುಂ ಬಂತು. ಬೆಳಿಗ್ಗೆ ಹೋಗಿ ಮರುದಿನ ಸಂಜೆಯ ಬಸ್ಸಿಗೆ ವಾಪಸ್ಸು. ಹಸುಗೂಸನ್ನು ಬಿಟ್ಟುಹೋಗುವ ತಾಯಿಯಾದರೂ ಅಷ್ಟು ಹೇಳುತ್ತಿರಲಿಲ್ಲ. ಮೂರು ಸಲ ಗೇಟಿನ ತನಕ ಹೋಗಿ ಮೂರು ಸಲ ವಾಪಸ್ಸು ಬಂದರು. ಕೊನೆಗೆ ಕೀಲಿಯನ್ನು ಎತಿಯೆಯ ಕೈಯಲ್ಲಿಟ್ಟು, "ಹಿಟ್ಟು ನೋಡ್ಕೊಳ್ಳಿ, ಇನ್ನೇನೂ ನೋಡ್ಬೇಡಿ," ಎಂದು ಹೊರಟರು.

ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಿದ್ದೆ. ಮೂಲೆಮನೆಯಿಂದ ಎತಿಯೆ ಕೈ ಮುಂದೆ ಚಾಚಿಕೊಂಡು ಓಡಿಬಂದರು. ಕೈಯೆಲ್ಲ ಹಿಟ್ಟು, ಮುಖದಲ್ಲಿ ರಕ್ತವಿಲ್ಲ.

"ಮೆಂಗೆಶಾ! ನನ್ನ ಕೈಯಲ್ಲೇ ಹೋಯ್ತಪ್ಪಾ!"

"ಏನು ಹೋಯ್ತು?"

"ಉಸಿರು! ಗೊರ್ ಗೊರ್ ಅಂತಿತ್ತು, ಮೆತ್ತಗಾಯ್ತು, ಆಮೇಲೆ ನಿಂತೇ ಹೋಯ್ತು!"

ನಾನೂ ನನ್ನ ಹೆಂಡತಿ ಮುಲುವೂ ಓಡಿದೆವು. ನಡೆದದ್ದು ಇಷ್ಟು. ಹಿಟ್ಟು ಅವತ್ತು ಅತಿಯಾಗಿ ಉಬ್ಬಿ, ಮಡಕೆಯ ಬಾಯಿ ದಾಟಿ, ಮೇಜಿನ ಮೇಲೆ ಹರಿದು ಕೀಬೋರ್ಡಿನ ಅಂಚಿಗೆ ಬಂದಿತ್ತು. ಯಂತ್ರ ಕೆಡಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಎತಿಯೆ ಸೆರಗಿನಿಂದ ಗುಂಡಿಗಳನ್ನು ಒರೆಸಿದ್ದರು. ಒಂದಲ್ಲ ಎರಡಲ್ಲ, ಎಲ್ಲವನ್ನೂ ಒರೆಸಿದ್ದರು. ಮೇಷ್ಟ್ರು ಇಷ್ಟು ಕಾಲ ಹೆದರಿ ಹೆದರಿ ಸತ್ತ ಆ ಎರಡು ಗುಂಡಿಗಳೂ ಅದರಲ್ಲಿದ್ದವು. ಪರದೆಯ ಮೇಲೆ ಹೊಸದೊಂದು ಸಾಲು ಮೂಡಿತ್ತು. ನಾನು ಹತ್ತಿರ ಹೋಗಿ ಓದಿದೆ. ನಿಲ್ಲಿಸಲಾಗಿದೆ ಎಂದಿತ್ತು. ಕೋಣೆಯಲ್ಲಿ ಅಷ್ಟು ಮೌನವನ್ನು ನಾನು ಹಿಂದೆ ಕಂಡಿರಲಿಲ್ಲ.

ಗಾಶೆ ಬೆಲಿಹು ಅವರಿಗೆ ಹೇಳಿಕಳಿಸಿದೆವು. ಅವರು ಕೋಲೂರಿಕೊಂಡು ಬಂದು, ಟೋಪಿ ತೆಗೆದು, ಯಂತ್ರದ ಮುಂದೆ ಒಂದು ಕ್ಷಣ ನಿಂತರು. ಅಭ್ಯಾಸ ಬಲ.

"ಲೆಕ್ಕಕ್ಕೆಲ್ಲ ಇದ್ದಿರ್ ಬರಲ್ಲ," ಎಂದರು. "ಅಲ್ದೆ ಮೇಷ್ಟ್ರು ಸದಸ್ಯರೂ ಅಲ್ಲ."

"ಸದಸ್ಯರಲ್ದಿದ್ರೆ ಮನುಷ್ಯರೂ ಅಲ್ವಾ ಗಾಶೆ?" ಎಂದಳು ಮುಲು. "ಅವರಿಗೆ ಇದ್ದಿದ್ದು ಇದೊಂದೇ. ಈಗ ಇದೂ ಹೋಯ್ತು. ಒಬ್ಬರೇ ಬಾಗಿಲು ತೆಗೆದು ಇದನ್ನ ನೋಡ್ಬೇಕಾ?"

ಗಾಶೆ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ಅಲ್ಲಿಂದ ಮುಂದೆ ಅವರು ಮಾತಾಡಿದ್ದು ಸೇನಾಪತಿಯ ಹಾಗೆ.

"ಹಾಗಾದ್ರೆ ಕ್ರಮ ಪ್ರಕಾರ ಆಗ್ಲಿ. ಕೆಟ್ಟ ಸುದ್ದೀನ ರಾತ್ರಿ ಹೇಳೋ ಹಾಗಿಲ್ಲ. ಒಂಟಿಯಾಗಿರೋನಿಗೆ ಹೇಳೋ ಹಾಗಿಲ್ಲ. ಹಸಿದಿರೋನಿಗೆ ಹೇಳೋ ಹಾಗಿಲ್ಲ. ಇವತ್ತು ಸಂಜೆ ಅವರನ್ನ ಕೋಣೆ ಕಡೆ ಬಿಡ್ಬೇಡಿ. ಮೆಂಗೆಶಾ, ನಿನ್ನ ಮನೇಲಿ ಊಟ ಹಾಕು, ಅಲ್ಲೇ ಮಲಗಿಸು. ನಾಳೆ ಬೆಳಕು ಹರೀತಿದ್ದ ಹಾಗೆ ನಾವೆಲ್ಲ ಸೇರ್ಕೊಂಡು ಬಂದು ಹೇಳ್ತೀವಿ."

"ನಾನು?" ಎಂದರು ಎತಿಯೆ.

"ನೀನು ಎದುರಿಗೆ ಬರ್ಬೇಡ. ಮೊದಲು ಅಳು ಮುಗೀಲಿ. ಕೋಪ ಆಮೇಲೆ ಬರುತ್ತೆ, ಆಗ ಬಾ."

ಎತಿಯೆ ಅಡುಗೆಗುಡಿಸಿಲು ಹೊಕ್ಕು ಬಾಗಿಲು ಹಾಕಿಕೊಂಡರು.

ಸಂಜೆ ಬಸ್ಸಿನ ಹತ್ತಿರ ನಾನೇ ಹೋದೆ. ತಮ್ಮನ್ನು ಕರೆದೊಯ್ಯಲು ಒಬ್ಬ ಮನುಷ್ಯ ಬಂದು ನಿಂತಿದ್ದಾನೆ ಎಂಬುದೇ ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನ್ನ ಹಿಂದೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನೀವು ಯಾರಿಗೆ ಕಾಯ್ತಿದೀರಿ?"

"ನಿಮಗೇ. ನಮ್ಮನೇಲಿ ಊಟ."

"ಯಾಕೆ? ಹಬ್ಬನಾ?"

"ಹಬ್ಬ ಇಲ್ದಿದ್ರೆ ಊಟ ಮಾಡಬಾರದಾ?"

"ಅಲ್ಲ, ಲೆಕ್ಕ ಒಂದ್ಸಲ ನೋಡ್ಕೊಂಡು..."

"ಕೀಲಿ ಎತಿಯೆ ಹತ್ರ ಇದೆ. ಅವರು ಇಲ್ಲ."

"ಎಲ್ಲಿ ಹೋದ್ರು?"

ನಾನು ಸುಳ್ಳು ಹೇಳುವುದರಲ್ಲಿ ದಡ್ಡ. ಕೆಮ್ಮಿದೆ. ವಠಾರದೊಳಗೆ ಬಂದ ಮೇಲೆ ಮೇಷ್ಟ್ರು ಕಿವಿ ನಿಮಿರಿಸಿ, "ಸದ್ದೇ ಕೇಳಿಸ್ತಿಲ್ಲವಲ್ಲ," ಎಂದರು. "ಗಾಳಿ ಜೋರು ಮೇಷ್ಟ್ರೇ," ಎಂದೆ. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ.

ಅವತ್ತು ನಮ್ಮ ಮನೆಯಲ್ಲಿ ಕೋಳಿ. ಮೊಟ್ಟೆಯಿಡುತ್ತಿದ್ದ ಕೋಳಿ, ಅದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಮುಲು ದೊಡ್ಡ ತಟ್ಟೆಯ ಸುತ್ತ ಎಲ್ಲರನ್ನೂ ಕೂರಿಸಿ, ಇಂಜೆರಾದ ತುಂಡಿನಲ್ಲಿ ಕೋಳಿಯನ್ನೂ ಮೊಟ್ಟೆಯನ್ನೂ ಸುತ್ತಿ, "ಬಾಯಿ ತೆಗೀರಿ ಮೇಷ್ಟ್ರೇ," ಎಂದು ಅವರ ಬಾಯಿಯ ಹತ್ತಿರ ಹಿಡಿದಳು. ಪ್ರೀತಿಯವರಿಗೆ ಕೈತುತ್ತು ಕೊಡುವುದು ನಮ್ಮಲ್ಲಿ ದಿನದ ಮಾತು. ಮೇಷ್ಟ್ರು ಮಾತ್ರ ಆ ತುತ್ತನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತರು. ಕೊನೆಗೆ ಬಾಯಿ ತೆಗೆದರು. ಅಗಿಯುವಾಗ ಕಣ್ಣಲ್ಲಿ ನೀರು.

"ಖಾರ," ಎಂದರು.

"ಎರಡನೇದು ಕೊಡ್ಲೇಬೇಕು. ಒಂದಕ್ಕೇ ನಿಲ್ಸಿದ್ರೆ ಜಗಳ ಆಗುತ್ತೆ," ಎಂದು ಮುಲು ಇನ್ನೊಂದು ಕೊಟ್ಟಳು. ಪ್ರಯಾಣದಿಂದ ದಣಿದು ಬಂದವರೆಂದು ಆ ದಿನ ಅವಳು ಖಾರವನ್ನೇ ಹಾಕಿರಲಿಲ್ಲ.

"ಎತಿಯೆ ಊಟಕ್ಕೆ ಬರಲ್ವಾ?" ಎಂದು ಮೇಷ್ಟ್ರು ನಡುವೆ ಕೇಳಿದರು. ಮುಲು ತಲೆ ತಗ್ಗಿಸಿದಳು. ನಾನು ಮತ್ತೆ ಕೆಮ್ಮಿದೆ.

ಮಲಗುವಾಗ ಅವರು, "ಮೆಂಗೆಶಾ, ನೀವು ದಿನಾ ಹೀಗೆ ಮಾತಾಡ್ತಾ ಊಟ ಮಾಡ್ತೀರಾ?" ಎಂದು ಕೇಳಿದರು.

"ದಿನಾ ಜಗಳ ಆಡ್ತಾ ಮಾಡ್ತೀವಿ."

"ಅದೂ ಚೆನ್ನಾಗಿರುತ್ತೆ," ಎಂದು ಗೋಡೆಯ ಕಡೆ ತಿರುಗಿದರು. ನನಗೆ ಬಹಳ ಬೇಸರವಾಯಿತು.

ಬೆಳಕು ಹರಿಯಿತು. ಬಾಗಿಲು ತಟ್ಟಿದ ಸದ್ದಿಗೆ ಮೇಷ್ಟ್ರೇ ಎದ್ದು ಹೋಗಿ ತೆರೆದರು. ಹೊರಗೆ ಮಂಜು, ಮಂಜಿನಲ್ಲಿ ಬಿಳಿ ಗಾಬಿ ಹೊದ್ದ ಇಡೀ ಬೀದಿ. ಮುಂದೆ ಗಾಶೆ ಬೆಲಿಹು, ಕೈಯಲ್ಲಿ ಟೋಪಿ. ಯಾರೂ ಮಾತಾಡುತ್ತಿಲ್ಲ.

ನಮ್ಮ ಕಡೆ ಹುಟ್ಟಿದ ಯಾವ ಮನುಷ್ಯನಿಗೂ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಜಾವ ಇಷ್ಟು ಜನ ಒಟ್ಟಾಗಿ ಬಾಗಿಲಿಗೆ ಬಂದರೆ ನಿಮ್ಮವರು ಯಾರೋ ಹೋಗಿದ್ದಾರೆ. ಯಾರೆಂದು ಕೇಳಿಸಿಕೊಳ್ಳುವ ಮೊದಲೇ ಅಳು ಬರುತ್ತದೆ. ಮೇಷ್ಟ್ರ ಬಾಯಿ ಅಳಲು ತೆರೆಯಿತು, ಆದರೆ ಸದ್ದು ಬರಲಿಲ್ಲ.

"ಯಾರು?" ಎಂದರು. ಆಮೇಲೆ ತಮಗೆ ತಾವೇ, "ನನಗೆ ಯಾರಿದ್ದಾರೆ?"

ಯಾರಿಗಾಗಿ ಅಳಬೇಕೆಂದು ಹುಡುಕುತ್ತ ನಿಂತ ಆ ಮನುಷ್ಯನ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ. ಗಾಶೆ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ಧೈರ್ಯ ತಂದ್ಕೊಳ್ಳಿ. ದೇವರು ಕೊಟ್ಟಿದ್ದನ್ನ..." ಎಂದು ಶುರುಮಾಡಿದರು. ಗಾಶೆಗೆ ಪೀಠಿಕೆಯಿಲ್ಲದೆ ವಿಷಯಕ್ಕೆ ಬಂದು ಅಭ್ಯಾಸವಿಲ್ಲ. ಅದೇ ಅನರ್ಥಕ್ಕೆ ದಾರಿಯಾಯಿತು.

ಮೇಷ್ಟ್ರು ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಎಲ್ಲರೂ ಇದ್ದರು. ಒಬ್ಬರಿರಲಿಲ್ಲ. ಅವರ ಕಣ್ಣು ಅಂಗಳದಾಚೆಯ ಅಡುಗೆಗುಡಿಸಿಲಿನ ಕಡೆ ಹೋಯಿತು. ಯಾವ ಬೆಳಿಗ್ಗೆಯೂ ಹೊಗೆಯಿಲ್ಲದೆ ಇರದ ಗುಡಿಸಿಲಿನಿಂದ ಅವತ್ತು ಹೊಗೆ ಏಳುತ್ತಿರಲಿಲ್ಲ. ಹಿಟ್ಟು ಹಾಳಾಗಿ ಎತಿಯೆ ಒಲೆಯೇ ಹಚ್ಚಿರಲಿಲ್ಲ. ಹಿಂದಿನ ಸಂಜೆಯ ನನ್ನ ಕೆಮ್ಮು, ಮುಲು ತಗ್ಗಿಸಿದ ತಲೆ, ಆ ಕೋಳಿ, ಎಲ್ಲ ಸೇರಿ ಮೇಷ್ಟ್ರ ತಲೆಯಲ್ಲಿ ಒಂದೇ ಉತ್ತರವಾಯಿತು. ಜೀವಮಾನದಲ್ಲಿ ಅವರು ಅಷ್ಟು ಬೇಗ ಮಾಡಿದ ಲೆಕ್ಕ ಅದೊಂದೇ ಇರಬೇಕು.

"ಎತಿಯೇ!" ಎಂದು ಕೂಗಿ ಮೊಣಕಾಲೂರಿ ಬಿದ್ದರು.

"ಅಲ್ಲ ಮೇಷ್ಟ್ರೇ..." ಎಂದರು ಗಾಶೆ.

"ನನ್ನ ಎತಿಯೇ! ಜ್ವರ ಬಂದಾಗ ಬಾಗಿಲಲ್ಲಿ ಗಂಜಿ ಇಟ್ಟು, ಲೆಕ್ಕ ಕೆಡುತ್ತೆ ಅಂತ ಬಾಗಿಲೂ ತಟ್ಟದೆ ಹೋದವಳೇ! ಚಳಿಗೆ ನಿನ್ನ ಗಾಬಿ ಬಿಚ್ಚಿ ಕೊಟ್ಟವಳೇ!"

ಅಳುವ ಕ್ರಮವೂ ನಮ್ಮಲ್ಲಿ ಇದೆ. ಒಬ್ಬರು ಒಂದು ಸಾಲು ಎತ್ತಿದರೆ ಸುತ್ತ ನಿಂತವರು ಎದೆ ಮುಟ್ಟಿಕೊಂಡು ಓಗೊಡಬೇಕು. ಹಿಂದಿನ ಸಾಲಿನ ಹೆಂಗಸರಿಗೆ ಯಂತ್ರದ ವಿಷಯ ಸರಿಯಾಗಿ ಗೊತ್ತಿರಲಿಲ್ಲ, ಬೀದಿಯೆಲ್ಲ ಹೊರಟಿದೆಯೆಂದು ಹೊರಟು ಬಂದಿದ್ದರು. ಅವರು ಓ ಎಂದು ಓಗೊಟ್ಟೇಬಿಟ್ಟರು.

"ಗಾಶೆ, ತಡೀರಿ ಇದನ್ನ!" ಎಂದೆ ನಾನು.

"ಹೇಗೋ ತಡೀಲಿ? ಅಳು ಶುರುವಾದ ಮೇಲೆ ಮಧ್ಯದಲ್ಲಿ ಬಾಯಿ ಹಾಕೋ ಹಾಗಿಲ್ಲ. ಒಂದು ಸುತ್ತು ಮುಗೀಲಿ, ಉಸಿರು ತಗೊಳ್ಳೋವಾಗ ಹೇಳ್ತೀನಿ."

ಮೇಷ್ಟ್ರು ಉಸಿರು ತೆಗೆದುಕೊಳ್ಳಲೇ ಇಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಅಳು, ತಾಯಿಯದು, ಅಕ್ಕನದು, ಎಲ್ಲ ಆ ಒಂದೇ ಹೆಸರಿನಲ್ಲಿ ಹೊರಗೆ ಬರುತ್ತಿತ್ತು. ಪಕ್ಕದ ಬೀದಿಯವರು ಗೇಟಿನಲ್ಲಿ ಬಂದು "ಯಾರಂತೆ?" ಎಂದರು. "ಅಸ್ಕಾಲೆಯಂತೆ!" ಎಂದಿತು ಹಿಂದಿನ ಸಾಲು. "ಅಯ್ಯೋ, ನಿನ್ನೆ ತಾನೇ ಇಂಜೆರಾ ಕೊಂಡಿದ್ದೆನಲ್ಲ!" ಎಂದು ಅವರೂ ಸೇರಿದರು. ಅಷ್ಟರಲ್ಲಿ ಇದ್ದಿರಿನ ಆಳುಗಳು ಅಳು ಕೇಳಿ, ಯಾರ ಅಪ್ಪಣೆಗೂ ಕಾಯದೆ, ಡೇರೆಯ ಕಂಬಗಳನ್ನು ಹೊತ್ತು ಒಳಗೆ ನುಗ್ಗಿ ಅಂಗಳದಲ್ಲಿ ಗುಂಡಿ ತೋಡಲು ಶುರುಮಾಡಿದರು.

"ಮೂರನೇ ಬಟ್ಟಲು ಕುಡಿದು ಹೋಗೋ ಅಂದೆ! ನಾನು ಕುಡೀಲಿಲ್ಲ! ಒಂದು ದಿನವೂ ಕುಡೀಲಿಲ್ಲ ಎತಿಯೇ!"

ಇದಕ್ಕೆ ಮುಲು ನಿಜವಾಗಿಯೇ ಅತ್ತಳು. ಗಾಶೆ ಬೆಲಿಹು ಟೋಪಿಯಿಂದ ಕಣ್ಣೊರೆಸಿಕೊಂಡರು. ಅಡುಗೆಗುಡಿಸಿಲಿನ ಬಾಗಿಲು ಬೆರಳಷ್ಟು ತೆರೆದಿದ್ದು ನನಗೆ ಕಾಣುತ್ತಿತ್ತು. ಸಂದಿಯಲ್ಲಿ ಒಂದು ಒದ್ದೆಯಾದ ಕಣ್ಣು. ಎತಿಯೆ ಯಾಕೆ ಹೊರಗೆ ಬರಲಿಲ್ಲವೆಂದು ಆಮೇಲೆ ಕೇಳಿದ್ದಕ್ಕೆ, "ಬದುಕಿರೋವಾಗ ಯಾರು ನಮ್ಮನ್ನ ಹಾಗೆಲ್ಲ ಹೊಗಳ್ತಾರೆ? ಇನ್ನೂ ಸ್ವಲ್ಪ ಕೇಳೋಣ ಅನ್ನಿಸ್ತು," ಎಂದರು.

ಇನ್ನೂ ಎಷ್ಟು ಹೊತ್ತು ಕೇಳುತ್ತಿದ್ದರೋ ಏನೋ. ಮೇಷ್ಟ್ರು ಆಕಾಶದ ಕಡೆ ಕೈಯೆತ್ತಿ, "ಎಂಬತ್ತು ವರ್ಷ ಬಾಳಿ, ಒಂದು ಮಾತೂ ಹೇಳದೆ ಹೋದೆಯಾ!" ಎಂದರು.

ಗುಡಿಸಿಲಿನ ಬಾಗಿಲು ದಡಾರೆಂದು ತೆರೆಯಿತು.

"ಯಾರಿಗೋ ಎಂಬತ್ತು? ಹೋದ ಪಸ್ಕ ಹಬ್ಬಕ್ಕೆ ಅರವತ್ತೆರಡು ತುಂಬ್ತು ನಂಗೆ!"

ಅಳು ಅಲ್ಲಿಗೆ ನಿಂತಿತು. ಕಂಬ ಹಿಡಿದಿದ್ದವನು ಕಂಬ ಬಿಟ್ಟ. ಹಿಂದಿನ ಸಾಲಿನ ಇಬ್ಬರು ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಗೇಟಿನಾಚೆಗೆ ಓಡಿದರು. ಎತಿಯೆ ದಾಪುಗಾಲಿಟ್ಟು ಬಂದು ಮೇಷ್ಟ್ರ ಮುಂದೆ ನಿಂತರು. ನಿಂತ ಮೇಲೆ ತಮ್ಮ ಅಪರಾಧ ನೆನಪಾಗಿ ದನಿ ಇಳಿಯಿತು.

"ನಾನು ಸತ್ತಿಲ್ಲಪ್ಪಾ ಶಿಬೆಶಿ. ಸತ್ತಿದ್ದು ನಿನ್ನ ಲೆಕ್ಕ. ಹಿಟ್ಟು ಉಕ್ಕಿತ್ತು, ಒರೆಸೋಕೆ ಹೋದೆ, ನಿಂತುಹೋಯ್ತು. ಬೇಕಾದ್ರೆ ಬೈ."

ಮೇಷ್ಟ್ರು ಕೂತಲ್ಲಿಂದಲೇ ಅವರ ಕೈ ಹಿಡಿದು, ಅದು ಬೆಚ್ಚಗಿದೆಯೇ ಎಂದು ಒತ್ತಿ ನೋಡಿದರು.

"ಲೆಕ್ಕನಾ?" ಎಂದರು. "ಬರೀ ಲೆಕ್ಕನಾ?"

"ಹೂಂ."

"ಇಷ್ಟೇನಾ!" ಎಂದು ಮೇಷ್ಟ್ರು ನಗಲು ಶುರುಮಾಡಿದರು. ನಗುತ್ತ ಅಳುತ್ತ ಆ ಕೈಯನ್ನು ಬಿಡಲೇ ಇಲ್ಲ. ಇಷ್ಟೇ ಎಂದದ್ದು ಶಿಬೆಶಿ ಮೇಷ್ಟ್ರೇ, ಬೇರೆ ಯಾರೋ ಅಲ್ಲ. ಇಡೀ ಬೀದಿಯೇ ಅದನ್ನು ಕೇಳಿಸಿಕೊಂಡಿದೆ.

ಆಮೇಲೆ ಎಲ್ಲರೂ ಮೂಲೆಮನೆಗೆ ಹೋದೆವು, ಹಿಡಿಸಿದಷ್ಟು ಜನ ಒಳಗೆ, ಉಳಿದವರು ಕಿಟಕಿಯಲ್ಲಿ. ಮೇಷ್ಟ್ರು ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆದು ಏನೋ ಒತ್ತಿದರು. ಪರದೆಯ ಮೇಲೆ ಸಂಖ್ಯೆಗಳು ಸಾಲುಸಾಲಾಗಿ ಬಂದವು.

"ಎಲ್ಲಾ ಇದೆ," ಎಂದರು, ನಂಬಲಾರದೆ. "ಒಂದಂಕಿಯೂ ಹೋಗಿಲ್ಲ. ಸುತ್ತು ಮು​ಗಿಸಿ, ಮುಚ್ಚಳ ಮುಚ್ಚಿ, ಆಮೇಲೇ ಬಾಗಿಲು ತೆಗೆದಿದೆ."

"ನೋಡಿದ್ಯಾ, ನನ್ನ ಹಾಗೇ!" ಎಂದರು ಎತಿಯೆ.

"ಮತ್ತೆ ನಡೆಯುತ್ತಾ?" ಎಂದು ಗಾಶೆ ಕೇಳಿದರು.

"ನಡೆಯುತ್ತೆ. ಇರಿ, ಎಲ್ಲಿಗೆ ಬಂದಿದೆ ನೋಡ್ತೀನಿ."

ನೋಡಿದರು. ಇನ್ನೊಮ್ಮೆ ನೋಡಿದರು. ಬೆರಳು ಮಡಿಸಿ ಏನೋ ಕೂಡಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮುಗೀತಾ ಬಂತಾ ಮೇಷ್ಟ್ರೇ?" ಎಂದೆ.

"ಈಗ ತಾನೇ ಶುರುವಾಗಿದೆ ಮೆಂಗೆಶಾ. ಇದೇ ವೇಗದಲ್ಲಿ ಹೋದ್ರೆ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಕೊನೆ ನೋಡಬಹುದು."

"ನಿಮಗೆ ಮಕ್ಕಳೇ ಇಲ್ವಲ್ಲ," ಎಂದಳು ಮುಲು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅದೇ," ಎಂದರು ಮೇಷ್ಟ್ರು. ಅವಳ ಕಡೆ ತಿರುಗಿ, "ನಿಮ್ಮ ತಮ್ಮನ ಮದುವೆಗೆ ನಾನು ಇದಕ್ಕೋಸ್ಕರ ಬರಲಿಲ್ಲ," ಎಂದರು. ಯಾರೂ ನಗಲಿಲ್ಲ. ಇಷ್ಟು ಕಾಲ ಅವರು ಕಾದದ್ದು ಮುಗಿಯದ ಒಂದು ಕೆಲಸಕ್ಕೆ ಎಂದು ಎಲ್ಲರಿಗೂ ಅರ್ಥವಾಗಿತ್ತು, ಅದನ್ನು ನೋಡಲು ಹೆದರಿ ಕೂತಿದ್ದರೆಂದೂ ಅರ್ಥವಾಗಿತ್ತು.

ಹೊರಗೆ ಬಂದರೆ ಅಂಗಳದಲ್ಲಿ ಡೇರೆ ಎದ್ದು ನಿಂತಿತ್ತು. ಹಾಕಿದ ಡೇರೆಯನ್ನು ಹಾಗೇ ಬಿಚ್ಚುವುದು ಒಳ್ಳೆಯದಲ್ಲ ಎಂದು ಗಾಶೆ ಬೆಲಿಹು ತೀರ್ಪು ಕೊಟ್ಟರು. ಸಾವಿಗೆಂದು ಯಾರೋ ಬ್ರೆಡ್ಡು ತಂದಿದ್ದರು. ಬೆಂಚುಗಳು ಬಂದಿದ್ದವು. ತಮ್ಮ ಸಾವಿನ ಡೇರೆಯ ಕೆಳಗೆ ಎತಿಯೆ ಅಸ್ಕಾಲೆ ತಾವೇ ಕಾಫಿಬೀಜ ಹುರಿಯಲು ಕೂತರು. ಮೊದಲನೆಯ ಸುತ್ತಾಯಿತು. ಎಲ್ಲರೂ ಮೇಷ್ಟ್ರನ್ನೇ ನೋಡುತ್ತಿದ್ದರು. ಮೇಷ್ಟ್ರು ಏಳಲಿಲ್ಲ.

ಎರಡನೆಯ ಸುತ್ತಿನ ಹೊತ್ತಿಗೆ ಅವರು, "ಗಾಶೆ, ನನ್ನನ್ನ ಇದ್ದಿರಿಗೆ ಸೇರಿಸ್ಕೊಳ್ಳಿ," ಎಂದರು.

"ಧಾರಾಳವಾಗಿ. ನಿಮ್ಮೋರು ಅಂತ ಯಾರ ಹೆಸರು ಹೇಳ್ತೀರಿ?"

"ಎತಿಯೆ ಅಸ್ಕಾಲೆ."

"ಅವಳು ನಿಮಗೆ ನೆಂಟಳಲ್ಲವಲ್ಲ ಮೇಷ್ಟ್ರೇ. ನಿಯಮ ಅಂತ ಒಂದಿದೆ."

"ಬೆಳಿಗ್ಗೆ ಅತ್ತಿದ್ದು ಯಾರು ಮತ್ತೆ?"

ಗಾಶೆ ಬಾಯಿ ತೆರೆದರು. ಇಡೀ ಬೀದಿಯೇ ಸಾಕ್ಷಿಯಾಗಿ ಬೆಂಚುಗಳ ಮೇಲೆ ಕೂತಿತ್ತು. ಗಾಶೆ ಬಾಯಿ ಮುಚ್ಚಿದರು. ನಾನು ಕಂಡಂತೆ ಅವರ ಬಾಯಿ ನಿಂತದ್ದು ಅದು ಎರಡನೆಯ ಸಲ.

ಎತಿಯೆ ಮಾತ್ರ ಮುಖ ಎತ್ತದೆ ಕಾಫಿಯ ಜೆಬೆನಾ ಹೂಜಿಗೆ ನೀರು ಹೊಯ್ಯುತ್ತ, "ಮೊದಲು ಆ ಯಂತ್ರಕ್ಕೆ ಏನಾದ್ರೂ ಕೆಲಸ ಕೊಟ್ಟು ಬಾ, ಹೊಸ ಹಿಟ್ಟು ಕಲಸಬೇಕು," ಎಂದರು.

"ಕೊಡ್ತೀನಿ. ಈ ಸಲ ಆಗಾಗ ನಿಂತು ಎಲ್ಲಿದೀನಿ ಅಂತ ಹೇಳೋಕೂ ಕಲಿಸ್ತೀನಿ. ಆದ್ರೆ ಈಗಲ್ಲ, ಮೂರನೇದು ಆಗ್ಲಿ."

"ಅದು ಸರಿ. ಇನ್ನೊಂದು ಮಾತು. ಮುಂದಿನ ಸಲ ಅಳೋವಾಗ ವಯಸ್ಸು ಸರಿಯಾಗಿ ಹೇಳು."

ಡೇರೆಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು, ಆಮೇಲೆ ಅವರ ನಗು ತಾನಾಗಿ ನಿಂತಿತು.

"ಮುಂದಿನ ಸಲ ಅನ್ಬೇಡಿ ಎತಿಯೆ," ಎಂದು ಮೆಲ್ಲಗೆ ಹೇಳಿ, ಮೂರನೆಯ ಸುತ್ತಿಗೆ ಬಟ್ಟಲು ಮುಂದೆ ಹಿಡಿದರು.